ಪಹಣಿಯ ಗಣಕೀಕರಣವೂ ನಮೂದಿನ ನಿಯಂತ್ರಣವೂ: ಒಂದು ವಿಮರ್ಶೆ

ಗಣಕಯಂತ್ರದಲ್ಲಿರುವ ಲೆಕ್ಕಪತ್ರಗಳನ್ನು ಪರಿಶೋಧಿಸುವವರು ಮೊದಲು ವಿಚಾರಿಸತಕ್ಕದ್ದು, ಅಂಕಿ ಅಂಶಗಳು ಯಾವ ನಿಯಂತ್ರಣಕ್ಕೆ ಒಳಪಟ್ಟು ಯಂತ್ರವನ್ನು ಸೇರಿದುವೆಂಬುದನ್ನು. ಇದಕ್ಕೆ ಬ್ಯಾಂಕು ಕಾರ್ಖಾನೆಗಳಿಂದ ಉದಾಹರಣೆ ಕೊಡುವುದು ವಾಡಿಕೆ. ಸರಗೂರು ಸೀಮೆಯ ರೈತನಿಗಾದರೋ ಈ ಪ್ರಶ್ನೆ ಎದುರಾಗುವುದು ಪಹಣಿಯಲ್ಲಿ. ಬೆಳೆಸಾಲಕ್ಕೂ ಜಮೀನಿನ ಕ್ರಯಕ್ಕೂ ಆ ಹಾಳೆಯೇ ಆಧಾರ.

2002ರ ವೇಳೆಗೆ ರಾಜ್ಯದ ಆಗಿನ 177 ತಾಲ್ಲೂಕುಗಳಿಗೂ ವ್ಯಾಪಿಸಿದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು; ಕೈಬರಹದ ಪಹಣಿಯ ಮಾನ್ಯತೆ ತಪ್ಪಿತು. ಯೋಜನೆಯ ಗುಣವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ನೌಕರನನ್ನು ಬೆರಳಗುರುತಿನಿಂದ ತಿಳಿಯುವ ಏರ್ಪಾಡಾಯಿತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂಬ ಕಟ್ಟಳೆ ಬಂದಿತು. ಒಬ್ಬನು ನಮೂದಿಸಿದ್ದನ್ನು ಇನ್ನೊಬ್ಬನು ಅನುಮೋದಿಸಬೇಕಾಯಿತು.

ಆದರೆ ಇವೆಲ್ಲ ಮುಂದೆ ಬರುವ ನಮೂದುಗಳನ್ನು ಕಾಯುವ ಉಪಾಯಗಳು. ಆರಂಭದಲ್ಲಿ ಒಳಹೊಕ್ಕ ಪಹಣಿಗಳಿಗೆ ಮೂಲ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳೇ. ಅವುಗಳಲ್ಲಿದ್ದ ದೋಷಕ್ಕೆ ಅಚ್ಚಿನ ಗೌರವ ದೊರಕಿತು.

ದೃಷ್ಟಾಂತವಾಗಿ ವಿಸ್ತೀರ್ಣವನ್ನು ತೆಗೆದುಕೊಳ್ಳೋಣ. ಎಕರೆಗೆ 40 ಗುಂಟೆ. ಗುಂಟೆಯ ಅಂಕಣದಲ್ಲಿ 45 ಎಂದು ಬರೆದರೆ ಯಂತ್ರವು ತಡೆಯುವಂತೆ ಮಾಡಬಹುದು. 2 ಎಕರೆ 14 ಗುಂಟೆಯು 2 ಎಕರೆ 4 ಗುಂಟೆಯಾದರೆ ಆ ತಡೆ ನಿಷ್ಫಲ. ಸರ್ವೆ ನಂಬರಿನ ಹಿಡುವಳಿದಾರರೆಲ್ಲರ ವಿಸ್ತೀರ್ಣವನ್ನು ಕೂಡಿ, ಖರಾಬು ಕಳೆದ ಒಟ್ಟು ವಿಸ್ತೀರ್ಣದೊಡನೆ ಹೋಲಿಸಿದರೆ ಮಾತ್ರ ಆ 10 ಗುಂಟೆಯ ಕೊರತೆ ಹೊರಬೀಳುತ್ತದೆ. ಅಣ್ಣನ 10 ಗುಂಟೆ ತಮ್ಮನ ಹೆಸರಿಗೆ ಸೇರಿದ್ದರೆ ಮೊತ್ತವೂ ಸರಿಯಾಗಿಯೇ ಇರುತ್ತದೆ. ಒಂದೇ ಗ್ರಾಮದಲ್ಲಿ ‘ಸಿದ್ದಯ್ಯ ಬಿನ್ ಮಾದಯ್ಯ’ ಎಂಬವರು ಇಬ್ಬರಿದ್ದರೆ, ಜಮೀನು ಯಾರದೆಂಬುದನ್ನು ಯಾವ ಮೊತ್ತವೂ ಹೇಳಲಾರದು. ಯಂತ್ರದ ನಿಯಂತ್ರಣವು ನಮೂದಿನ ಸುಸಂಗತತೆಯನ್ನು ಪರೀಕ್ಷಿಸಬಲ್ಲುದು. ಅದರ ಸತ್ಯವನ್ನು ಬಲ್ಲವರು ನೆಲವನ್ನು ಉಳುವವರು, ನೆರೆಹೊರೆಯವರು.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಪ್ರಕರಣದಂತೆ, ಹಕ್ಕುದಾಖಲೆಯ ನಮೂದನ್ನು, ತದ್ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಕಾನೂನುರೀತ್ಯಾ ಹೊಸ ನಮೂದು ಬರುವವರೆಗೆ, ನಿಜವೆಂದೇ ಭಾವಿಸತಕ್ಕದ್ದು. ಹೀಗಾಗಿ ತಪ್ಪು ಬರೆದ ಕೈ ಯಾರದಾದರೂ ಅದನ್ನು ತಪ್ಪೆಂದು ಸಾಧಿಸುವ ಭಾರ ಬೀಳುವುದು ರೈತನ ಮೇಲೆ. ಕೂಲಿ ಬಿಟ್ಟು ಕಚೇರಿಗೆ ಅಲೆಯುವ ವೆಚ್ಚವನ್ನು ಯಾವ ಪರಿಶೋಧನಾ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೆಗ್ಗಡದೇವನಕೋಟೆಯಿಂದ ಬೇರ್ಪಟ್ಟು ಸರಗೂರು ಪ್ರತ್ಯೇಕ ತಾಲ್ಲೂಕಾಗಿದೆ. ದಾಖಲೆಗಳು ಒಂದು ಕಚೇರಿಯಿಂದ ಮತ್ತೊಂದಕ್ಕೆ ಸಾಗುವ ಇಂಥ ಸಂದರ್ಭಗಳಲ್ಲಿ ಗ್ರಾಮವಾರು ಸರ್ವೆ ನಂಬರುಗಳ ಎಣಿಕೆ, ಹಿಸ್ಸೆಗಳ ಎಣಿಕೆ, ಒಟ್ಟು ವಿಸ್ತೀರ್ಣ ಇವು ಮೂರನ್ನೂ ಎರಡು ಕಡೆಯೂ ತಾಳೆನೋಡತಕ್ಕದ್ದು. ಪಹಣಿಯ ವಿಸ್ತೀರ್ಣವನ್ನು ಆಕಾರ್‌ಬಂದಿನೊಡನೆ ಹೋಲಿಸತಕ್ಕದ್ದು. ಇಷ್ಟರಿಂದಲೇ ಕೆಲಸ ಮುಗಿಯದು. ಹಿಂದೆ ಜಮಾಬಂದಿಯಲ್ಲಿ ಗ್ರಾಮದ ಲೆಕ್ಕವನ್ನು ವರ್ಷಕ್ಕೊಮ್ಮೆ ಪರಿಶೀಲಿಸುವ ಪದ್ಧತಿಯಿತ್ತು. ಅದೇ ಮಾದರಿಯಲ್ಲಿ ಮುದ್ರಿತ ಪಹಣಿಯನ್ನು ಊರಿನಲ್ಲಿ ಗಟ್ಟಿಯಾಗಿ ಓದಿ, ಹಿಡುವಳಿದಾರರ ಆಕ್ಷೇಪಣೆಯನ್ನು ಬರೆದುಕೊಂಡು, ತಿದ್ದುಪಡಿಯ ಹೊಣೆಯನ್ನು ಕಚೇರಿಯೇ ಹೊರುವುದಾದರೆ, ನಮೂದಿನ ನಿಯಂತ್ರಣವೆಂಬ ಮಾತು ಸಾರ್ಥಕವಾದೀತು.