ಕಾಗದದ ಹಳಿ, ಚಾರ್ಟಿನ ಸುಳ್ಳು

ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಜ್ವಾಲಾಮುಖಿಯ ಕಾಲ ಮುಗಿಯುತ್ತ ಬಂತು. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಕೆಂಪು ನೊರೆ ಉಕ್ಕಿಸಿದರೆ ಈಗ ಯಾರೂ ನಿಂತು ನೋಡುವುದಿಲ್ಲ. ಆ ಮೇಜಿಗೆ ಬಂದು ಕೂತಿರುವುದು ಕಾಗದದ ರೋಲರ್ ಕೋಸ್ಟರ್. ಡ್ರಾಯಿಂಗ್ ಶೀಟನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಅಂಚುಗಳನ್ನು ಮಡಚಿ ಕಾಲುವೆ ಮಾಡಿ, ಕಾಗದದ ಕಂಬಗಳ ಮೇಲೇರಿಸಿ, ಸೆಲ್ಲೊಟೇಪಿನಲ್ಲಿ ಬಿಗಿದು, ಮೇಲಿಂದ ಗೋಲಿ ಬಿಡುವುದು. ನಡುವೆ ಒಂದು ಲೂಪ್ ಇರಲೇಬೇಕು. ಪಕ್ಕದ ಚಾರ್ಟಿನಲ್ಲಿ ‘ಶಕ್ತಿ ಸಂರಕ್ಷಣಾ ನಿಯಮ’ ಎಂಬ ತಲೆಬರಹವೂ ಇರಲೇಬೇಕು.

ಭೌತಶಾಸ್ತ್ರದ ಪ್ರಾಜೆಕ್ಟುಗಳಲ್ಲಿ ಇದಕ್ಕೆ ಈಗ ಸಿಕ್ಕಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. ಇನ್ನೂ ಸರಿಯಾಗಿ ಹೇಳುವುದಾದರೆ, ಗೌರವ ತಪ್ಪು ಕಾರಣಕ್ಕೆ ಸಿಕ್ಕಿದೆ. ಏನನ್ನು ತೋರಿಸುತ್ತದೆಂದು ಹೊಗಳುತ್ತಾರೋ ಅದನ್ನು ಇದು ತೋರಿಸುವುದಿಲ್ಲ. ಚೆನ್ನಾಗಿ ತೋರಿಸಬಲ್ಲದ್ದನ್ನು ಯಾರೂ ಕೇಳುವುದಿಲ್ಲ. ಒಳ್ಳೆಯ ಗುಣಗಳಿಲ್ಲವೇ? ಇವೆ. ಖರ್ಚು ಕಡಿಮೆ, ಮಕ್ಕಳಿಗೆ ಇಷ್ಟ, ನಾಲ್ಕು ಜನ ಕೂತು ಮಾಡುವ ಕೆಲಸ, ಥರ್ಮಾಕೋಲಿನಂತೆ ಕಸದ ರಾಶಿಯಾಗುವುದಿಲ್ಲ. ಇಷ್ಟು ಹೇಳಿದ ಮೇಲೆ ವಿಷಯಕ್ಕೆ ಬರೋಣ.

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಪಾಠ ಓದಿದ ಯಾವ ಮಗುವನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಬರುತ್ತದೆ: ಎಂಜಿಎಚ್ ಈಸ್ ಈಕ್ವಲ್ ಟು ಹಾಫ್ ಎಂವಿ ಸ್ಕ್ವೇರ್. ಮೇಲಿದ್ದಾಗ ಪ್ರಚ್ಛನ್ನ ಶಕ್ತಿ, ಕೆಳಗೆ ಬಂದಾಗ ಅಷ್ಟೂ ಚಲನ ಶಕ್ತಿ. ಈ ಲೆಕ್ಕದ ಪ್ರಕಾರ 1 ಮೀಟರ್ ಕೆಳಗಿಳಿದ ಗೋಲಿಯ ವೇಗ ಸೆಕೆಂಡಿಗೆ 4.43 ಮೀಟರ್. ಆದರೆ ಗೋಲಿ ಜಾರುವ ವಸ್ತುವಲ್ಲ, ಉರುಳುವ ವಸ್ತು. ಗಟ್ಟಿ ಗುಂಡೊಂದು ಉರುಳುವಾಗ ಅದರ ಚಲನ ಶಕ್ತಿಯ ಏಳು ಪಾಲಿನಲ್ಲಿ ಐದು ಮಾತ್ರ ಮುಂದೆ ಸಾಗುವುದಕ್ಕೆ ಸಲ್ಲುತ್ತದೆ. ಉಳಿದೆರಡು ತನ್ನ ಸುತ್ತ ತಾನೇ ತಿರುಗುವುದಕ್ಕೆ ಹೋಗುತ್ತದೆ. ಹಾಗಾಗಿ ಚಪ್ಪಟೆ ತಳದ ಕಾಲುವೆಯಲ್ಲಿ ವೇಗ 3.74 ಮೀಟರಿಗೆ ಇಳಿಯುತ್ತದೆ. ಕಾಗದವನ್ನು ನಡುವೆ ಒಂದೇ ಮಡಿಕೆ ಹಾಕಿ ಲಂಬಕೋನದ ‘ವಿ’ ಆಕಾರದ ಹಳಿ ಮಾಡಿದರೆ (ಅವಸರದಲ್ಲಿದ್ದ ಮಕ್ಕಳು ಮಾಡುವುದು ಇದನ್ನೇ) ಗೋಲಿ ತಳ ಮುಟ್ಟುವುದಿಲ್ಲ, ಎರಡು ಗೋಡೆಗಳಿಗೆ ಒರಗಿ ನಿಲ್ಲುತ್ತದೆ. ಆಗ ಅಷ್ಟೇ ದೂರ ಹೋಗಲು ಅದು ಹೆಚ್ಚು ಸುತ್ತು ತಿರುಗಬೇಕು. ತಿರುಗುವುದಕ್ಕೆ ಹೋಗುವ ಪಾಲು ಶೇ. 29ರಿಂದ ಶೇ. 44ಕ್ಕೆ ಏರಿ, ವೇಗ 3.30ಕ್ಕೆ ಬಂದು ನಿಲ್ಲುತ್ತದೆ.

ಇಲ್ಲಿಯವರೆಗೆ ಘರ್ಷಣೆಯ ಮಾತೇ ಬಂದಿಲ್ಲ, ಗಮನಿಸಿ. ಶಕ್ತಿ ಎಲ್ಲಿಯೂ ಸೋರಿಲ್ಲ, ನಿಯಮಕ್ಕೆ ಭಂಗವಿಲ್ಲ. ಆದರೂ ಚಾರ್ಟಿನ ಸಮೀಕರಣ ತಪ್ಪು, ಯಾಕೆಂದರೆ ಅದು ಬೇರೆ ಯಾವುದೋ ವಸ್ತುವಿನದು. ಗಾಳಿಯಲ್ಲಿ ಬೀಳುವ ಕಲ್ಲಿಗೆ ಬರೆದ ಸಾಲನ್ನು ಉರುಳುವ ಗೋಲಿಯ ಪಕ್ಕದಲ್ಲಿ ಅಂಟಿಸಿ, ಅದನ್ನು ಇದು ‘ಸಾಬೀತು’ ಮಾಡಿತು ಅನ್ನುತ್ತಿದ್ದೇವೆ.

ಲೂಪಿನ ಹತ್ತಿರ ಈ ತಪ್ಪು ಬಯಲಾಗುತ್ತದೆ, ಅಥವಾ ಬಯಲಾಗಬೇಕಿತ್ತು. ಲೂಪಿನ ನೆತ್ತಿಯಲ್ಲಿ ಗೋಲಿ ಬೀಳದೆ ದಾಟಬೇಕಾದರೆ ಎಷ್ಟು ಎತ್ತರದಿಂದ ಬಿಡಬೇಕು ಎಂಬುದಕ್ಕೆ ಗೈಡುಗಳಲ್ಲೆಲ್ಲ ಸಿದ್ಧ ಉತ್ತರವಿದೆ: ತ್ರಿಜ್ಯದ ಎರಡೂವರೆ ಪಟ್ಟು. ಇದೂ ಜಾರುವ ವಸ್ತುವಿನ ಉತ್ತರವೇ. ಉರುಳುವ ಗೋಲಿಗೆ ಚಪ್ಪಟೆ ಹಳಿಯಲ್ಲಿ 2.7 ಪಟ್ಟು ಬೇಕು, ‘ವಿ’ ಹಳಿಯಲ್ಲಿ 2.9 ಪಟ್ಟು. ತ್ರಿಜ್ಯ 10 ಸೆಂ.ಮೀ. ಇದ್ದರೆ 25, 27, 29. ವ್ಯತ್ಯಾಸ ಚಿಕ್ಕದೆಂದು ತಳ್ಳಿಹಾಕಬಹುದು. ಕಾಗದದ ಲೂಪಿಗೆ ಈ ಮೂರೂ ಸಾಲುವುದಿಲ್ಲ ಎನ್ನುವುದೇ ನಿಜವಾದ ವಿಷಯ.

ಹಿಂದೊಮ್ಮೆ ತೀರ್ಪುಗಾರನಾಗಿ ಹೋಗಿದ್ದ ಪ್ರದರ್ಶನವೊಂದರಲ್ಲಿ ಇಂಥದ್ದೇ ಒಂದು ಮಾದರಿ ಇತ್ತು. ಚಾರ್ಟಿನಲ್ಲಿ ದುಂಡಗಿನ ಅಕ್ಷರದಲ್ಲಿ ‘ಬೇಕಾದ ಎತ್ತರ 25 ಸೆಂ.ಮೀ.’ ಎಂದಿತ್ತು. ಗೋಲಿ ಬಿಡುವ ಜಾಗ ಸುಮಾರು 45ರಲ್ಲಿತ್ತು. ಯಾಕಮ್ಮ ಹೀಗೆ ಎಂದೆ. “ಸರ್, ಅಷ್ಟರಿಂದ ಬಿಟ್ರೆ ಅರ್ಧಕ್ಕೇ ಬಿದ್ದೋಗತ್ತೆ” ಎಂದಳು ಹುಡುಗಿ, ಅದರಲ್ಲೇನು ವಿಶೇಷ ಎನ್ನುವ ಹಾಗೆ. ಕಂಬವನ್ನು ಹತ್ತಿರದಿಂದ ನೋಡಿದೆ. 25ರ ಆಸುಪಾಸಿನಿಂದ ಮೇಲಕ್ಕೆ ಟೇಪು ಕಿತ್ತ ಕಲೆಗಳು. ಕಿತ್ತ ಕಡೆಯೆಲ್ಲ ಕಾಗದದ ಮೇಲ್ಪದರ ಎದ್ದು ಬಂದು ಒರಟಾಗಿತ್ತು. ಹಳಿಯನ್ನು ಅಂಟಿಸಿ, ಗೋಲಿ ಬಿಟ್ಟು, ಬಿದ್ದಾಗ ಕಿತ್ತು, ಇನ್ನಷ್ಟು ಮೇಲೆ ಅಂಟಿಸಿದ್ದರ ಗುರುತು ಅವು. ಅವಳ ಜೊತೆಗಾತಿ ಅದೇ ಹೊತ್ತಿಗೆ ಆ ಕಲೆಗಳ ಮೇಲೆ ಮಿಂಚುವ ಕಾಗದ ಸುತ್ತುತ್ತಿದ್ದಳು, ನೀಟಾಗಿ ಕಾಣಲಿ ಎಂದು.

ಇಡೀ ಮೇಜಿನ ಮೇಲೆ ಪ್ರಯೋಗ ಎನ್ನಬಹುದಾದದ್ದು ಇದ್ದರೆ ಆ ಕಲೆಗಳಲ್ಲಿತ್ತು. ಲೆಕ್ಕ ಕೇಳಿದ್ದು 25, ಕಾಗದ ಕೇಳಿದ್ದು 45. ನಡುವಿನ 20 ಸೆಂ.ಮೀ. ಎಲ್ಲಿಗೆ ಹೋಯಿತು? ಭೌತಶಾಸ್ತ್ರ ಶುರುವಾಗುವುದು ಈ ಪ್ರಶ್ನೆಯಿಂದ. ಅದನ್ನು ಮಿಂಚುವ ಕಾಗದದಿಂದ ಮುಚ್ಚುವುದನ್ನು ಆ ಮಕ್ಕಳಿಗೆ ಕಲಿಸಿದವರು ನಾವು.

ಎಲ್ಲಿಗೆ ಹೋಯಿತೆಂದು ಸ್ವಲ್ಪ ಹುಡುಕಬಹುದು. ಕಾಗದದ ಕಾಲುವೆಯನ್ನು ಹಾಗೇ ಬಗ್ಗಿಸಲು ಬರುವುದಿಲ್ಲ. ಪಕ್ಕದ ಗೋಡೆಗಳಿಗೆ ಅಲ್ಲಲ್ಲಿ ಕತ್ತರಿ ಹಾಕಿ, ಕತ್ತರಿಸಿದ ಕಡೆ ಮುರಿದು, ಗೋಡೆಯ ತುಂಡುಗಳನ್ನು ಒಂದರ ಮೇಲೊಂದು ಹತ್ತಿಸಿ ಟೇಪು ಹಾಕಬೇಕು. ಹಾಗಾಗಿ ದೂರದಿಂದ ವೃತ್ತದಂತೆ ಕಾಣುವ ಲೂಪ್ ನಿಜಕ್ಕೂ ಬಹುಭುಜ. 20 ಸೆಂ.ಮೀ. ವ್ಯಾಸದ ಲೂಪಿನ ಸುತ್ತಳತೆ ಸುಮಾರು 63 ಸೆಂ.ಮೀ. ಮೂರೂವರೆ ಸೆಂ.ಮೀ.ಗೊಂದರಂತೆ ಕತ್ತರಿಸಿದರೆ 18 ಮೂಲೆಗಳು, ಒಂದೊಂದೂ 20 ಡಿಗ್ರಿ ತಿರುವು. ಮೂಲೆಯಲ್ಲಿ ಗೋಲಿ ಮುಂದಿನ ತುಂಡಿಗೆ ಓರೆಯಾಗಿ ಬಡಿಯುತ್ತದೆ. ಪುಟಿಯದೆ ಹಾಗೇ ಸಾಗಿತೆಂದು ಇಟ್ಟುಕೊಂಡರೆ, ಸಾಗುವ ಶಕ್ತಿಯಲ್ಲಿ ಸುಮಾರು ಶೇ. 12 ಆ ಒಂದು ಬಡಿತಕ್ಕೇ ಹೋಗುತ್ತದೆ. ನೆತ್ತಿ ಮುಟ್ಟುವ ಮೊದಲು ಇಂಥ ಒಂಬತ್ತು ಬಡಿತ. ಕತ್ತರಿಯನ್ನು ಎರಡು ಪಟ್ಟು ಹತ್ತಿರ ಹತ್ತಿರ ಹಾಕಿದರೆ ತಿರುವು 10 ಡಿಗ್ರಿಯಾಗಿ, ಒಂದು ಬಡಿತದ ನಷ್ಟ ಶೇ. 3ಕ್ಕೆ ಇಳಿಯುತ್ತದೆ. ಮೂಲೆಗಳು ಇಮ್ಮಡಿಯಾದರೂ ಒಟ್ಟು ನಷ್ಟ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಾಗದ ಬಾಗುವುದರಿಂದ ನಿಜದ ನಷ್ಟ ಇದಕ್ಕಿಂತ ಬೇರೆ ಇರುತ್ತದೆ. ಲೆಕ್ಕದ ದಿಕ್ಕು ಮಾತ್ರ ಇದೇ. ಕತ್ತರಿ ಹಿಡಿದ ಮಗುವಿಗೆ ಇದಕ್ಕಿಂತ ಉಪಯುಕ್ತವಾದ ಭೌತಶಾಸ್ತ್ರ ಇನ್ನೇನಿದೆ? ಆದರೂ ಇದು ಯಾವ ಚಾರ್ಟಿನಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಸೋರಿಕೆ ಲೂಪಿನ ಬುಡದಲ್ಲಿ. ನೇರ ಹಳಿಯಿಂದ ವೃತ್ತಕ್ಕೆ ನುಗ್ಗುವ ಆ ಕ್ಷಣದಲ್ಲಿ, 27 ಸೆಂ.ಮೀ.ನಿಂದ ಬಿಟ್ಟ ಗೋಲಿಯೂ ತನ್ನ ತೂಕದ ಸುಮಾರು ಐದು ಪಟ್ಟು ಭಾರದಿಂದ ಹಳಿಯನ್ನು ಒತ್ತುತ್ತದೆ. ಅದೂ ನಿಧಾನವಾಗಿ ಅಲ್ಲ, ಒಮ್ಮೆಲೇ. ಕಾಗದ ತಗ್ಗುತ್ತದೆ, ಇಡೀ ಲೂಪ್ ಅದುರುತ್ತದೆ, ಅದುರಿಸಿದ ಶಕ್ತಿ ಗೋಲಿಗೆ ವಾಪಸ್ ಬರುವುದಿಲ್ಲ. ಜನ ಕೂರುವ ನಿಜದ ಕೋಸ್ಟರ್ ಕಟ್ಟಿದವರಿಗೂ ಈ ಪಾಠ ಸುಲಭಕ್ಕೆ ಸಿಗಲಿಲ್ಲ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಶುರುವಾದ ಫ್ಲಿಪ್ ಫ್ಲ್ಯಾಪ್ ರೈಲ್ವೆಯ ಲೂಪ್ ಪೂರ್ತಿ ವೃತ್ತಾಕಾರದ್ದು; ಕೂತವರ ಕುತ್ತಿಗೆ ಉಳುಕಿಸುವುದಕ್ಕೆ ಅದು ಹೆಸರಾಯಿತು. ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ 1976ರಲ್ಲಿ ಆಂಟನ್ ಶ್ವಾರ್ಜ್‌ಕಾಫ್ ಮತ್ತು ವರ್ನರ್ ಸ್ಟೆಂಗೆಲ್ ಕೂಡಿ ಕಟ್ಟಿದ ‘ರೆವಲ್ಯೂಷನ್’ ಬರುವ ಹೊತ್ತಿಗೆ ಲೂಪ್ ಬುಡದಲ್ಲಿ ಅಗಲ, ನೆತ್ತಿಯಲ್ಲಿ ಚೂಪಾದ ನೀರ ಹನಿಯ ಆಕಾರಕ್ಕೆ ತಿರುಗಿತ್ತು. ನಮ್ಮ ಪ್ರದರ್ಶನಗಳಲ್ಲಿ ಹಾಗೆ ಹನಿಯಾಕಾರಕ್ಕೆ ಬಂದ ಲೂಪಿಗೆ ‘ಶೇಪ್ ಸರಿಯಿಲ್ಲ’ ಎಂದು ಅಂಕ ಕಳೆಯುತ್ತಾರೆ.

ಹೀಗೆ ಹೇಳಿದಾಗ ಎರಡು ಕಡೆಯಿಂದ ಬೈಗುಳ ಬರುತ್ತದೆ. ಮೊದಲನೆಯದು ‘ಕೈಯಾರೆ ಮಾಡಿದರೆ ಕಲಿತ ಹಾಗೆ’ ಎನ್ನುವವರ ಕಡೆಯಿಂದ. ಮಕ್ಕಳು ಖುಷಿಯಾಗಿ ಮಾಡಿದ್ದಾರೆ, ನಿಮ್ಮದೇನು ಪಿರಿಪಿರಿ ಎನ್ನುತ್ತಾರೆ. ಮಾತಿನ ಕೊನೆಗೆ, ಕಸದಿಂದ ವಿಜ್ಞಾನದ ಆಟಿಕೆ ಮಾಡಿ ಹೆಸರಾದ ಅರವಿಂದ ಗುಪ್ತಾ ಅವರನ್ನು ತರುತ್ತಾರೆ. ಆ ಹೆಸರನ್ನು ಇಷ್ಟು ಅಗ್ಗಕ್ಕೆ ಬಳಸಬಾರದು. 1970ರ ದಶಕದಲ್ಲಿ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಸಂಪರ್ಕಕ್ಕೆ ಬಂದು, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ಅವರು ಮಾಡಿದ ಮಾದರಿಗಳಿಗೆ ಪಕ್ಕದಲ್ಲಿ ಚಾರ್ಟ್ ಬೇಕಿರಲಿಲ್ಲ. ಕಡ್ಡಿಗಳ ಚೌಕ ಕೈಯಲ್ಲಿ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಹೇಳಬೇಕಾದದ್ದನ್ನು ವಸ್ತುವೇ ಹೇಳಿಬಿಡುತ್ತದೆ. ಕಾಗದದ ಕೋಸ್ಟರಿನಲ್ಲಿ ವಸ್ತು ಒಂದು ಹೇಳುತ್ತದೆ, ಚಾರ್ಟ್ ಇನ್ನೊಂದು ಹೇಳುತ್ತದೆ, ತೀರ್ಪುಗಾರ ಚಾರ್ಟನ್ನು ನಂಬುತ್ತಾನೆ. ಕಸದಿಂದ ಮಾಡಿದ್ದೆಲ್ಲ ಅರವಿಂದ ಗುಪ್ತಾ ದಾರಿಯದ್ದಾಗುವುದಿಲ್ಲ.

ಎರಡನೆಯವರು ಪ್ರಯೋಗಾಲಯದ ಮಡಿವಂತರು. ಇವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು, ಯಾಕೆಂದರೆ ಇವರು ನನ್ನನ್ನು ತಮ್ಮವನೆಂದು ತಿಳಿದು ಬೆನ್ನು ತಟ್ಟುತ್ತಾರೆ. ಕಾಗದ ಬಾಗುತ್ತದೆ, ಟೇಪು ಗೋಲಿಯನ್ನು ಹಿಡಿಯುತ್ತದೆ, ಇದರಲ್ಲಿ ಅಳೆಯುವುದೇನು ಮಣ್ಣು, ಗಾಳಿಯ ಮೇಲೆ ತೇಲಿಸುವ ಏರ್ ಟ್ರ್ಯಾಕ್ ತರಿಸಿ, ಹೊತ್ತು ಅಳೆಯುವ ಫೋಟೋಗೇಟ್ ಕೂರಿಸಿ ಎನ್ನುತ್ತಾರೆ. ಇವರಿಗೆ ಗೆಲಿಲಿಯೋ ನೆನಪಿಲ್ಲ. 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಪುಸ್ತಕದಲ್ಲಿ ಆತ ವರ್ಣಿಸುವ ಉಪಕರಣ ಏನು? ಸುಮಾರು ಹನ್ನೆರಡು ಮೊಳದ ಮರದ ತೊಲೆ, ಅದರಲ್ಲಿ ಬೆರಳಗಲಕ್ಕಿಂತ ತುಸು ದೊಡ್ಡ ತೋಡು, ತೋಡಿಗೆ ಅಂಟಿಸಿದ ನುಣುಪಾದ ಚರ್ಮದ ಹಾಳೆ, ಮೇಲೆ ಉರುಳುವ ಕಂಚಿನ ಗುಂಡು. ಹೊತ್ತು ಅಳೆಯಲು ಪಾತ್ರೆಯಿಂದ ಸಣ್ಣಗೆ ಸುರಿಯುವ ನೀರು. ಸುರಿದ ನೀರನ್ನು ತೂಗುವುದು. ನಮ್ಮ ಮಕ್ಕಳ ಹಳಿಗೆ ಇದಕ್ಕಿಂತ ಹತ್ತಿರದ ಪೂರ್ವಜ ಇನ್ನೊಬ್ಬನಿಲ್ಲ.

ಈ ಉಪಕರಣವನ್ನೂ ಒಬ್ಬರು ಗೇಲಿ ಮಾಡಿದ್ದರು. ಇಪ್ಪತ್ತನೇ ಶತಮಾನದ ವಿಜ್ಞಾನ ಇತಿಹಾಸಕಾರರಲ್ಲಿ ಘಟಾನುಘಟಿಯಾದ ಅಲೆಕ್ಸಾಂಡರ್ ಕೊಯ್ರೆ, ಇಷ್ಟು ಒರಟು ಸಾಮಗ್ರಿಯಿಂದ ನಿಖರ ಫಲಿತಾಂಶ ಬರುವುದು ಸಾಧ್ಯವೇ ಇಲ್ಲ, ಗೆಲಿಲಿಯೋನ ನಿಯಮ ಹುಟ್ಟಿದ್ದು ತಲೆಯಲ್ಲಿ ಎಂದು ವಾದಿಸಿದರು. 1961ರಲ್ಲಿ ಥಾಮಸ್ ಸೆಟ್ಲ್ ಎಂಬ ವಿದ್ಯಾರ್ಥಿ ವಾದಕ್ಕೆ ಹೋಗದೆ ಮರದ ಹಲಗೆ, ಬಿಲಿಯರ್ಡ್ ಚೆಂಡು, ನೀರು ತುಂಬಿದ ಹೂವಿನ ಕುಂಡ ಇಟ್ಟುಕೊಂಡು ಕೂತ. ಗೆಲಿಲಿಯೋ ಹೇಳಿದ ಅನುಪಾತ ಅವನಿಗೂ ಬಂತು, ಅದೂ ಒಳ್ಳೆಯ ನಿಖರತೆಯಲ್ಲಿ. ಏರ್ ಟ್ರ್ಯಾಕಿನ ಭಕ್ತರು ಕೊಯ್ರೆಯ ವಾದವನ್ನು ಕೊಯ್ರೆಯ ಪಾಂಡಿತ್ಯವಿಲ್ಲದೆ ಮತ್ತೆ ಹೇಳುತ್ತಿದ್ದಾರೆ, ಅಷ್ಟೇ.

ಇಲ್ಲಿ ನೋಡಬೇಕಾದದ್ದು ಗೆಲಿಲಿಯೋ ಕೇಳಿದ ಪ್ರಶ್ನೆಯನ್ನು. ಗುಂಡು ತಿರುಗುವುದಕ್ಕೆ ಎರಡು ಪಾಲು ಶಕ್ತಿ ಹೋಗುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಬೀಳಲಿಲ್ಲ. ವೇಗ ಎಷ್ಟು ಎಂದು ಅವನು ಕೇಳಲಿಲ್ಲ. ಕಾಲು ಭಾಗ ದೂರಕ್ಕೆ ಅರ್ಧ ಹೊತ್ತು ಹಿಡಿಯುತ್ತದೆಯೇ ಎಂದು ಕೇಳಿದ. ಅನುಪಾತ ಕೇಳಿದಾಗ ಆ ಎರಡು ಪಾಲಿನ ವಿಷಯ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಚರ್ಮದ ಹಾಳೆ ಉತ್ತರಿಸಬಲ್ಲ ಪ್ರಶ್ನೆಯನ್ನೇ ಅವನು ಅದಕ್ಕೆ ಹಾಕಿದ್ದ. ನಾವು ಕಾಗದಕ್ಕೆ ಹಾಕುತ್ತಿರುವುದು ಅದು ಉತ್ತರಿಸಲಾರದ ಪ್ರಶ್ನೆ, ಉತ್ತರವನ್ನು ಮೊದಲೇ ಚಾರ್ಟಿನಲ್ಲಿ ಬರೆದಿಟ್ಟು.

ಅಮೆರಿಕದ ಕೆಲವು ಶಾಲೆಗಳಲ್ಲಿ ಈ ಪ್ರಾಜೆಕ್ಟಿಗೆ ಬೇರೆ ಷರತ್ತಿದೆ: ಗೋಲಿ ನಿಲ್ಲದೆ ಎಷ್ಟು ಹೆಚ್ಚು ಹೊತ್ತು ಓಡುತ್ತದೆಯೋ ಅಷ್ಟು ಅಂಕ. ನಮ್ಮ ಎತ್ತರ ಮತ್ತು ಲೂಪಿನ ಮೋಹಕ್ಕಿಂತ ಇದು ವಾಸಿ. ಗೋಲಿಯನ್ನು ನಿಧಾನ ಮಾಡುವುದು ಹೇಗೆ, ಆದರೆ ನಿಲ್ಲಿಸದಿರುವುದು ಹೇಗೆ ಎಂದು ಯೋಚಿಸುವ ಮಗು ನಷ್ಟವನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಅಲ್ಲಿಯೂ ಒಂದು ದೊಡ್ಡ ಆಲಿಕೆ ಕೂರಿಸಿ ಗೋಲಿಯನ್ನು ಸುತ್ತಿಸಿದವರು ಸುಲಭವಾಗಿ ಗೆಲ್ಲುತ್ತಾರೆಂಬುದು ಬೇರೆ ಮಾತು.

ನನ್ನನ್ನು ಕೇಳಿದರೆ ಕಾಗದಕ್ಕೆ ಹೇಳಿಮಾಡಿಸಿದ ಪ್ರಯೋಗ ಇನ್ನೂ ಚಿಕ್ಕದು. ಒಂದೇ ಡ್ರಾಯಿಂಗ್ ಶೀಟಿನಿಂದ ಮೀಟರ್ ಉದ್ದದ ಎರಡು ಹಳಿ: ಒಂದು ಚಪ್ಪಟೆ ತಳದ್ದು, ಒಂದು ಲಂಬಕೋನದ ‘ವಿ’. ಅಕ್ಕಪಕ್ಕ ಒಂದೇ ಇಳಿಜಾರಿನಲ್ಲಿಟ್ಟು, ಒಂದೇ ಅಳತೆಯ ಎರಡು ಗೋಲಿಗಳನ್ನು ಸ್ಕೇಲಿನಿಂದ ತಡೆದು, ಸ್ಕೇಲ್ ಎತ್ತಿಬಿಡುವುದು. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, ಚಪ್ಪಟೆ ಹಳಿಯ ಗೋಲಿ ಕೊನೆ ಮುಟ್ಟುವಾಗ ‘ವಿ’ ಹಳಿಯದು ಸುಮಾರು 22 ಸೆಂ.ಮೀ. ಹಿಂದೆ ಇರಬೇಕು. ಸ್ಟಾಪ್‌ವಾಚ್ ಬೇಡ, ಬರಿಗಣ್ಣಿಗೆ ಕಾಣುತ್ತದೆ. ಎತ್ತರ ಒಂದೇ, ಗೋಲಿ ಒಂದೇ, ಕಾಗದ ಒಂದೇ, ಹಾಗಾದರೆ ಇದು ಯಾಕೆ ಹಿಂದೆ ಬಿತ್ತು ಎಂದು ಎಂಜಿಎಚ್ ಬಾಯಿಪಾಠ ಮಾಡಿದ ಮಗುವನ್ನು ಕೇಳಿ ನೋಡಿ. ಈ ಪ್ರಯೋಗವನ್ನು ನಾನು ಕೆಲವು ಮೇಷ್ಟ್ರುಗಳಿಗೆ ಹೇಳಿದ್ದೇನೆ. ಕೇಳಿ ಮೆಚ್ಚಿದರು, ಆಮೇಲೆ ಇದರಲ್ಲಿ ಲೂಪ್ ಎಲ್ಲಿ ಬರುತ್ತದೆ ಎಂದರು.