ದೀಪ ಆರುವ ಮೊದಲೇ ಬರೆದಿಟ್ಟ ತೀರ್ಪು

2024ರ ಅಕ್ಟೋಬರ್ 8ರಂದು ದೆಹಲಿಯ ವಿಜ್ಞಾನ ಭವನದಲ್ಲಿ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪ್ರದಾನವಾಯಿತು. 2022ರ ಸಿನಿಮಾಗಳಿಗೆ ಸಂದ ಪ್ರಶಸ್ತಿಗಳವು. 'ಕಾಂತಾರ' ಅತ್ಯುತ್ತಮ ಜನಪ್ರಿಯ ಚಿತ್ರ, ಅದರ ರಿಷಬ್ ಶೆಟ್ಟಿ ಅತ್ಯುತ್ತಮ ನಟ. ಅತ್ಯುತ್ತಮ ಕನ್ನಡ ಚಿತ್ರ 'ಕೆಜಿಎಫ್ ಚಾಪ್ಟರ್ 2'. ರಾಜಧಾನಿಯ ಕನ್ನಡಿಗರ ನಡುವೆ ಈ ಮಾತು ಬಂದರೆ ಸಾಕು, ಎರಡು ಬಣ ಏಳುತ್ತದೆ. ಪ್ರಶಸ್ತಿಯ ಮಾನವೇ ಹೋಯಿತು ಎನ್ನುವವರು ಒಂದು ಕಡೆ. ಕೊನೆಗೂ ಜನ ನೋಡುವ ಸಿನಿಮಾಕ್ಕೆ ಕೊಟ್ಟರಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ಸಿನಿಮಾ ನೋಡುವ ಮೊದಲೇ ಸಿದ್ಧವಾಗಿದ್ದ ತೀರ್ಪು.

ಇದಕ್ಕೆ ಕಾರಣವಿದೆ. ಸರ್ಕಾರಿ ನೌಕರಿಗೆಂದು ದೆಹಲಿಗೆ ಬಂದ ಹಿರಿಯರು ಸಿರಿ ಫೋರ್ಟ್‌ನ ಚಿತ್ರೋತ್ಸವಗಳಲ್ಲಿ, ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳಲ್ಲಿ ಪಳಗಿದವರು. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ' ದೇಶದ ಅತ್ಯುತ್ತಮ ಚಿತ್ರಗಳೆನಿಸಿದ ಕಾಲದ ಹೆಮ್ಮೆ ಅವರದು. ಗುರುಗ್ರಾಮ, ನೋಯ್ಡಾದ ಐಟಿ ಹುಡುಗರಿಗೆ 'ಅವಾರ್ಡ್ ಸಿನಿಮಾ' ಎಂದರೆ ಬೈಗುಳಕ್ಕೆ ಸಮ.

ತೆರೆದ ಮನಸ್ಸು ಎಂದರೆ ಎಲ್ಲದಕ್ಕೂ ತಲೆದೂಗುವುದಲ್ಲ. ಈ ಸಿನಿಮಾ ಏನು ಮಾಡಹೊರಟಿದೆ, ಅದನ್ನು ಮಾಡಿದೆಯೇ ಎಂದು ಮೊದಲು ನೋಡಬೇಕು. ಮಾಡಿದ್ದು ಮಾಡಬೇಕಾದದ್ದೇ ಎಂಬ ಪ್ರಶ್ನೆ ಆಮೇಲಿನದು. ನಮ್ಮಲ್ಲಿ ಬಹುಪಾಲು ಜಗಳ ಆ ಕೊನೆಯ ಪ್ರಶ್ನೆಯಿಂದಲೇ ಶುರುವಾಗುತ್ತದೆ.

'ಕಾಂತಾರ'ದ ಕೊನೆಯನ್ನೇ ನೋಡಿ. ಗುಳಿಗ ದೈವ ಮೈಮೇಲೆ ಬಂದ ಮೇಲೆ ರಿಷಬ್ ಮಾತು ಬಿಟ್ಟು ಬರೀ ಮೈ, ಉಸಿರು, ಕೂಗಿನಲ್ಲಿ ನಟಿಸುತ್ತಾರೆ. ಊರವರ, ಅರಣ್ಯಾಧಿಕಾರಿಯ ಕೈಗಳನ್ನು ಸೇರಿಸಿ ಎದೆಗೊತ್ತಿಕೊಳ್ಳುವಾಗ ಒಂದು ಸಂಭಾಷಣೆಯೂ ಬೇಕಾಗುವುದಿಲ್ಲ. ಇದನ್ನು 'ಮಾಸ್' ಎಂದು ತಳ್ಳಿಹಾಕುವವರು ಕಣ್ಣು ಮುಚ್ಚಿಕೊಂಡು ಕೂತಿದ್ದರು ಎನ್ನಬೇಕು. ಆದರೆ ಆ ಕೈಜೋಡಣೆಯಲ್ಲೇ ಚಿತ್ರದ ದೌರ್ಬಲ್ಯವೂ ಇದೆ. ಕಾಡಿನ ಜನಕ್ಕೂ ಇಲಾಖೆಗೂ ಇರುವ ನೆಲದ ತಕರಾರನ್ನು ದೈವದ ಕೈಲಿ ಒಂದೇ ಗಳಿಗೆಯಲ್ಲಿ ಬಗೆಹರಿಸಿ, ಒಡೆಯನೊಬ್ಬನನ್ನು ಖಳನನ್ನಾಗಿಸಿ ನಮ್ಮನ್ನು ನಿರಾಳವಾಗಿ ಮನೆಗೆ ಕಳಿಸುತ್ತದೆ. ನಾಯಕ ಶಿವ ನಾಯಕಿ ಲೀಲಾಳ ಸೊಂಟ ಚಿವುಟುವುದನ್ನು ಪ್ರಣಯ ಎಂದು ತೋರಿಸಿದ್ದಕ್ಕೂ ಸಮರ್ಥನೆಯಿಲ್ಲ. (ಇಲ್ಲಿ ಹಿಂದಿ ಡಬ್ಬಿಂಗ್‌ನಲ್ಲಿ ನೋಡಿದವರಿಗೆ ಕುಂದಾಪುರ ಕನ್ನಡದ ಸೊಗಡೇ ಸಿಗಲಿಲ್ಲ. ಅವರ ತೀರ್ಪು ಅರ್ಧ ಚಿತ್ರದ ಮೇಲಿನದು.)

'ಘಟಶ್ರಾದ್ಧ'ಕ್ಕೂ ಇದೇ ಅಳತೆಗೋಲು. 1977ರ ಈ ಕಪ್ಪು-ಬಿಳುಪು ಚಿತ್ರದಲ್ಲಿ ಗಿರೀಶ ಕಾಸರವಳ್ಳಿ ವಿಧವೆ ಯಮುನೆಯ ದುರಂತವನ್ನು ಪುಟ್ಟ ನಾಣಿಯ ಕಣ್ಣಿನಿಂದ ತೋರಿಸುತ್ತಾರೆ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಿರುತ್ತದೆ. ಸಂಕಟ ಹುಟ್ಟುವುದು ಆ ಅಂತರದಲ್ಲಿ. ನಿಧಾನ ಎಂದು ಆಕಳಿಸುವವರು ಇದನ್ನು ಗಮನಿಸಲಿ: ಆ ನಿಧಾನ ನಾಣಿಯ ಗೊಂದಲದ ವೇಗ. ಹಾಗೆಂದು ಚಿತ್ರಕ್ಕೆ ಕೈಮುಗಿದು ಕೂರಬೇಕಿಲ್ಲ. ಯಮುನೆಯ ಬಸುರಿಗೆ ಕಾರಣನಾದ ಮೇಷ್ಟ್ರ ಪಾತ್ರ ತೀರಾ ತೆಳು. ಊರಿನಿಂದ ಜಾರಿಕೊಂಡಷ್ಟೇ ಸುಲಭವಾಗಿ ಅವನು ಚಿತ್ರದಿಂದಲೂ ಜಾರಿಕೊಳ್ಳುತ್ತಾನೆ.

ಇನ್ನು 'ಕೆಜಿಎಫ್ 2'. ಅದರ ಪೊಲೀಸ್ ಠಾಣೆಯ ದೃಶ್ಯದಲ್ಲಿ ನಾಯಕ ರಾಕಿ ಗುಂಡಿನ ಮಳೆಗರೆದು, ಕೆಂಪಗೆ ಕಾದ ನಳಿಕೆಯಿಂದ ಸಿಗರೇಟು ಹೊತ್ತಿಸಿಕೊಳ್ಳುತ್ತಾನೆ. ಆರ್ಭಟ, ಆಮೇಲೆ ಮೌನ, ಆಮೇಲೆ ಒಂದು ಕಿಡಿ. ಲಯ ಬಲ್ಲವರ ಕೆಲಸವದು, ಒಪ್ಪೋಣ. ಆದರೆ ಎರಡೂ ಮುಕ್ಕಾಲು ಗಂಟೆ ಇದೇ ಏರುದನಿ. ಗಣಿಯ ಜನ ನಾಯಕನಿಗೆ ಜೈಕಾರ ಹಾಕುವ ಗುಂಪಾಗಿ ಉಳಿಯುತ್ತಾರೆ, ಒಬ್ಬರ ಬದುಕೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅದೇ ಸಮಾರಂಭದಲ್ಲಿ ಈ ಚಿತ್ರಕ್ಕೆ ಸಾಹಸ ನಿರ್ದೇಶನದ ಪ್ರಶಸ್ತಿಯೂ ಬಂತು. ಅದು ಸರಿಯಾಗಿಯೇ ಸಂದಿದೆ. ರಿಷಬ್‌ಗೆ ಸಿಕ್ಕಿದ್ದೂ ಸರಿ. 'ಅತ್ಯುತ್ತಮ ಕನ್ನಡ ಚಿತ್ರ' ಮಾತ್ರ ಹೆಚ್ಚಾಯಿತು.