‘ಕರಮಜೋವ್ ಸಹೋದರರು’: ಮಹಾವಿಚಾರಕನಿಗೆ ಉತ್ತರ

ಕ್ರೈಸ್ತ ಸಭೆಯು ಯೇಸುವನ್ನು ನಿಜವಾಗಿ ಅನುಸರಿಸುತ್ತಿದೆಯೆ ಎಂಬ ಪ್ರಶ್ನೆಯನ್ನು ಸಭೆಯ ಹೊರಗಿನವರೂ ಕೇಳಿದ್ದಾರೆ, ಒಳಗಿನವರೂ ಕೇಳಿದ್ದಾರೆ. ಸಾಹಿತ್ಯದಲ್ಲಿ ಅದನ್ನು ಅತಿ ತೀಕ್ಷ್ಣವಾಗಿ ಕೇಳಿದವರಲ್ಲಿ ರಷ್ಯದ ಫ್ಯೋದರ್ ದಾಸ್ತೊಯೆವ್ಸ್ಕಿ ಅಗ್ರಗಣ್ಯನು. ಅವನ ಕಡೆಯ ಕಾದಂಬರಿ ‘ಕರಮಜೋವ್ ಸಹೋದರರು’ 1879–80ರಲ್ಲಿ ‘ರೂಸ್ಕಿ ವೆಸ್ತ್ನಿಕ್’ ಪತ್ರಿಕೆಯಲ್ಲಿ ಭಾಗಭಾಗವಾಗಿ ಅಚ್ಚಾಯಿತು. ಅದರ ಐದನೆಯ ಭಾಗದಲ್ಲಿರುವ ‘ಮಹಾವಿಚಾರಕ’ ಎಂಬ ಅಧ್ಯಾಯವು ಕಾದಂಬರಿಯಿಂದ ಬೇರ್ಪಟ್ಟು, ಸ್ವತಂತ್ರ ಕೃತಿಯೆಂಬಂತೆ ಪ್ರಸಿದ್ಧಿಗೆ ಬಂದಿದೆ. ಈ ಪ್ರಸಿದ್ಧಿಯಿಂದ ಕಾದಂಬರಿಗೆ ಒಂದು ಹಾನಿಯೂ ಆಗಿದೆ. ಪ್ರಶ್ನೆಯು ಎಲ್ಲರಿಗೂ ಪರಿಚಿತವಾಗಿ, ಅದಕ್ಕೆ ಕಾದಂಬರಿಯು ಕೊಡುವ ಉತ್ತರವು ಮರೆಯಲ್ಲಿ ಉಳಿದಿದೆ.

ಕಥೆಯನ್ನು ಹೇಳುವವನು ನಡುವಣ ಸಹೋದರನಾದ ಇವಾನ್. ಕೇಳುವವನು ಅವನ ತಮ್ಮ, ಮಠದಲ್ಲಿ ಶಿಷ್ಯನಾಗಿರುವ ಅಲ್ಯೋಷ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ ನಗರಕ್ಕೆ ಕ್ರಿಸ್ತನು ಮತ್ತೆ ಬರುತ್ತಾನೆ. ಪಾಷಂಡಿಗಳೆಂದು ಹೆಸರಿಟ್ಟು ಜನರನ್ನು ಸುಡಿಸುತ್ತಿದ್ದ ತೊಂಬತ್ತು ವರ್ಷದ ಮಹಾವಿಚಾರಕನು ಅವನನ್ನು ಸೆರೆಗೆ ಹಾಕಿಸಿ, ರಾತ್ರಿ ಒಬ್ಬನೇ ಬಂದು ಮಾತನಾಡುತ್ತಾನೆ. ಅವನ ವಾದಕ್ಕೆಲ್ಲ ಆಧಾರ ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಮೂರು ಶೋಧನೆಗಳು. ಕಲ್ಲನ್ನು ರೊಟ್ಟಿಯಾಗಿಸುವುದು, ದೇವಾಲಯದ ಶಿಖರದಿಂದ ಧುಮುಕುವುದು, ಭೂಮಿಯ ರಾಜ್ಯಗಳನ್ನು ಕೈಗೊಳ್ಳುವುದು, ಈ ಮೂರನ್ನೂ ಯೇಸು ಅಡವಿಯಲ್ಲಿ ನಿರಾಕರಿಸಿದನು. ಮನುಷ್ಯರು ಸ್ವತಂತ್ರರಾಗಿ ತನ್ನನ್ನು ಪ್ರೀತಿಸಲೆಂಬುದು ಆ ನಿರಾಕರಣೆಯ ಅರ್ಥ. ಆದರೆ ದುರ್ಬಲನಾದ ಮಾನವನು ಆ ಸ್ವಾತಂತ್ರ್ಯವನ್ನು ಹೊರಲಾರನು. ಆದುದರಿಂದ ಸಭೆಯು ಅವನ ಮೇಲಣ ಕರುಣೆಯಿಂದ ಯೇಸುವಿನ ಕಾರ್ಯವನ್ನು ತಿದ್ದಿ, ಪವಾಡ, ರಹಸ್ಯ, ಅಧಿಕಾರಗಳೆಂಬ ಮೂರು ಕಂಬಗಳ ಮೇಲೆ ನಿಲ್ಲಿಸಿತೆಂಬುದು ವೃದ್ಧನ ಸಮರ್ಥನೆ. ಸೆರೆಯಾಳು ಒಂದು ಮಾತನ್ನೂ ಆಡದೆ ಅವನ ತುಟಿಗೆ ಮುತ್ತಿಡುತ್ತಾನೆ. ವೃದ್ಧನು ಬಾಗಿಲನ್ನು ತೆರೆದು ಅವನನ್ನು ಕಳುಹಿಸಿಬಿಡುತ್ತಾನೆ. ತನ್ನ ಮತವನ್ನು ಮಾತ್ರ ಬಿಡುವುದಿಲ್ಲ.

ಈ ವಾದದ ಬಲ ಸಾಮಾನ್ಯವಾದುದಲ್ಲ. 1930ರಲ್ಲಿ ಈ ಅಧ್ಯಾಯದ ಒಂದು ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದ ಡಿ. ಎಚ್. ಲಾರೆನ್ಸನು, ಮನುಷ್ಯಸ್ವಭಾವವನ್ನು ಸರಿಯಾಗಿ ಅರಿತವನು ಮಹಾವಿಚಾರಕನೇ ಎಂಬ ಪಕ್ಷವನ್ನು ಹಿಡಿದನು. ಇನ್ನು ಕೆಲವರು ಇದನ್ನು ರೋಮನ್ ಕೆಥೊಲಿಕ್ ಸಭೆಯ ಖಂಡನೆಯೆಂದಷ್ಟೇ ಓದಿದ್ದಾರೆ. ಗ್ರಂಥಕರ್ತನಿಗೂ ರೋಮಿನ ಮೇಲೆ ಬಲವಾದ ವಿರೋಧವಿದ್ದುದು ನಿಜ. ಆದರೆ ಅವನ ರಷ್ಯದ ಸಭೆಯು ಆಗ ಎಂತಹ ಸ್ಥಿತಿಯಲ್ಲಿತ್ತು? ಚಕ್ರವರ್ತಿಯಾದ ಪೀಟರನು 1721ರಲ್ಲಿ ಮುಖ್ಯ ಧರ್ಮಾಧ್ಯಕ್ಷನ ಪದವಿಗೆ ಬದಲಾಗಿ ಸಿನೋಡ್ ಎಂಬ ಮಂಡಲಿಯನ್ನು ನೇಮಿಸಿದನು. ಬಹುಬೇಗ ಅದರ ಮೇಲ್ವಿಚಾರಣೆ ಗೃಹಸ್ಥನಾದ ಸರಕಾರಿ ಅಧಿಕಾರಿಯ ಕೈಗೆ ಬಂದಿತು. 1917ರವರೆಗೂ ನಡೆದ ಏರ್ಪಾಡು ಅದು. ಮೂರನೆಯ ಶೋಧನೆಗೆ ಒಳಗಾದ ಸಭೆಯನ್ನು ಕಾಣಲು ಸ್ಪೇನಿನವರೆಗೆ ಹೋಗಬೇಕಾದ ಅಗತ್ಯವಿರಲಿಲ್ಲ.

ಹಾಗಾದರೆ ಉತ್ತರವೆಲ್ಲಿ? ಆರನೆಯ ಭಾಗದ ಜೊಸಿಮನ ಜೀವನ ಮತ್ತು ಉಪದೇಶಗಳೇ ಉತ್ತರವೆಂದು ವಿಮರ್ಶಕರು ಹೇಳುವುದುಂಟು. ಪೊಬೆದೊನೋಸ್ತ್ಸೆವನಿಗೆ 1879ರಲ್ಲಿ ಬರೆದ ಪತ್ರದಲ್ಲಿ ಗ್ರಂಥಕರ್ತನೇ ಹಾಗೆ ಸೂಚಿಸಿ, ಅದು ವಾದಕ್ಕೆ ಪ್ರತಿವಾದವಾಗಿರದೆ ಚಿತ್ರರೂಪವಾಗಿ ಬಂದಿರುವುದೆಂದೂ, ಸಾಕಾಗುವುದೋ ಇಲ್ಲವೋ ಎಂದು ತನಗೆ ಭಯವೆಂದೂ ತಿಳಿಸಿದನು. ಆ ಭಯ ನಿರಾಧಾರವಲ್ಲ. ಜೊಸಿಮನ ಉಪದೇಶವು ಸುಂದರವಾಗಿದೆ. ಆದರೆ ಉಪದೇಶದಿಂದ ಮಹಾವಿಚಾರಕನ ಬಾಯಿ ಮುಚ್ಚುವುದಿಲ್ಲ. ಉಪದೇಶವು ಚೆನ್ನಾಗಿತ್ತು, ಜನರು ಅದನ್ನು ನಡೆಸಲಾರದೆ ಹೋದರೆಂಬುದೇ ಅವನ ದೂರು.

ನಿಜವಾದ ಉತ್ತರವು ಏಳನೆಯ ಭಾಗದಲ್ಲಿ ಆರಂಭವಾಗುತ್ತದೆ. ಜೊಸಿಮನು ತೀರಿಕೊಂಡಾಗ ಮಠದವರೂ ಊರಿನವರೂ ಪವಾಡವನ್ನು ಎದುರುನೋಡುತ್ತಾರೆ. ಸಂತನ ದೇಹ ಕೆಡಬಾರದೆಂಬುದು ಅವರ ನಂಬಿಕೆ. ಅದಕ್ಕೆ ವಿರುದ್ಧವಾಗಿ ಒಂದು ದಿನ ಕಳೆಯುವುದರೊಳಗೆ ಶವದಿಂದ ದುರ್ಗಂಧ ಹೊರಡುತ್ತದೆ. ನಿನ್ನೆ ಪೂಜಿಸುತ್ತಿದ್ದವರು ಇಂದು ಗುಟ್ಟಾಗಿ ಸಂತೋಷಪಡುತ್ತಾರೆ. ಉಪವಾಸಗಳಿಂದ ಹೆಸರಾದ ಫೆರಪೋಂತನು ಬಂದು, ಶವವಿರುವ ಕೋಣೆಯಲ್ಲಿಯೇ ದೆವ್ವ ಬಿಡಿಸಲು ತೊಡಗುತ್ತಾನೆ. ಇಲ್ಲಿ ಕಾದಂಬರಿಯು ಸೆವಿಲಿನ ಆಪಾದನೆಯನ್ನು ತನ್ನ ಮಠದ ಅಂಗಳಕ್ಕೇ ತಂದು ನಿಲ್ಲಿಸುತ್ತದೆ. ಪವಾಡವಿಲ್ಲದಿದ್ದರೆ ಮನುಷ್ಯನು ದೇವರನ್ನೂ ಬಿಟ್ಟಾನೆಂದು ಮಹಾವಿಚಾರಕನು ಹೇಳಿದ್ದನಷ್ಟೆ. ಈ ಸನ್ಯಾಸಿಗಳು ಆ ಮಾತನ್ನು ದಿಟವಾಗಿಸುತ್ತಾರೆ. ಅಲ್ಯೋಷನೂ ಕದಲುತ್ತಾನೆ.

ಅವನನ್ನು ಎತ್ತಿ ನಿಲ್ಲಿಸುವುದು ಮಠವಲ್ಲ. ಅವನನ್ನು ಕೆಡಿಸಬೇಕೆಂದಿದ್ದ ಗ್ರುಷೆಂಕಳು ಗುರುವಿನ ಮರಣವಾರ್ತೆ ಕೇಳಿದೊಡನೆ ಅವನ ತೊಡೆಯಿಂದ ಕೆಳಗಿಳಿದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ. ಈ ಸಣ್ಣ ಕರುಣೆಯೇ ಅವನನ್ನು ಉಳಿಸುತ್ತದೆ. ಅನಂತರ ಶವದ ಬಳಿಯಲ್ಲಿ ಕಾನಾ ಊರಿನ ಮದುವೆಯ ಕಥೆಯ ಪಾರಾಯಣವನ್ನು ಕೇಳುತ್ತ ಅವನು ಕನಸು ಕಾಣುತ್ತಾನೆ. ನೀರು ದ್ರಾಕ್ಷಾರಸವಾದುದೂ ಪವಾಡವಲ್ಲವೆ, ಹೊರದೂಡಿದುದನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟಂತಾಗಲಿಲ್ಲವೆ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವುಂಟು. ಆದರೆ ಆ ಪವಾಡವು ಬಡವರ ಮನೆಯ ಸಂತೋಷಕ್ಕಾಗಿ ನಡೆದುದೇ ಹೊರತು ಯಾರ ಬುದ್ಧಿಯನ್ನೂ ಮಣಿಸುವುದಕ್ಕಲ್ಲ. ಅಲ್ಲದೆ ಕನಸನ್ನು ಕಂಡವನು ಒಬ್ಬನೇ; ದುರ್ಗಂಧ ಹಾಗೆಯೇ ಉಳಿಯುತ್ತದೆ. ಮೂರು ದಿನಗಳ ಮೇಲೆ ಗುರುವಿನ ಆಜ್ಞೆಯಂತೆ ಅಲ್ಯೋಷನು ಮಠವನ್ನು ಬಿಟ್ಟು ಲೋಕಕ್ಕೆ ಹೊರಡುತ್ತಾನೆ.

ಉಪಸಂಹಾರದಲ್ಲಿ ಈ ಎಳೆ ಪೂರ್ಣವಾಗುತ್ತದೆ. ಇಲ್ಯೂಷನೆಂಬ ಬಡ ಹುಡುಗನು ಸಾಯುತ್ತಾನೆ. ಇವಾನನ ಕಥೆಯಲ್ಲಿ ಕ್ರಿಸ್ತನು ಸತ್ತ ಮಗುವನ್ನು ಎಬ್ಬಿಸಿದಂತೆ ಇಲ್ಲಿ ಯಾರೂ ಎಬ್ಬಿಸುವುದಿಲ್ಲ. ತನ್ನ ಸಮಾಧಿಯ ಮೇಲೆ ರೊಟ್ಟಿಯನ್ನು ಪುಡಿಮಾಡಿ ಹಾಕಿದರೆ ಗುಬ್ಬಿಗಳು ಬಂದಾವು, ತಾನು ಒಂಟಿಯಲ್ಲವೆಂದು ಸಂತೋಷವಾದೀತು ಎಂದು ಹುಡುಗನು ತಂದೆಗೆ ಹೇಳಿದ್ದನು. ತಂದೆ ಹಾಗೆಯೇ ಮಾಡುತ್ತಾನೆ. ಮಹಾವಿಚಾರಕನ ರೊಟ್ಟಿ ವಿಧೇಯತೆಯನ್ನು ಕೊಳ್ಳುವ ರೊಟ್ಟಿ. ಇದು ಯಾವ ಪ್ರತಿಫಲವನ್ನೂ ಬಯಸದ ರೊಟ್ಟಿ. ಬಳಿಕ ಹನ್ನೆರಡು ಮಂದಿಯಷ್ಟು ಹುಡುಗರು ಒಂದು ಬಂಡೆಯ ಬಳಿ ಅಲ್ಯೋಷನ ಸುತ್ತ ನೆರೆಯುತ್ತಾರೆ. ಹಿಂದೆ ಇಲ್ಯೂಷನಿಗೆ ಕಲ್ಲೆಸೆದವರೂ ಅವರಲ್ಲಿದ್ದಾರೆ. ಸತ್ತವನನ್ನು ಮರೆಯದಿರುವುದು, ಒಬ್ಬರನ್ನೊಬ್ಬರು ಮರೆಯದಿರುವುದು, ಇಷ್ಟೇ ಅಲ್ಲಿ ಆಗುವ ಒಡಂಬಡಿಕೆ. ಹನ್ನೆರಡರ ಸಂಖ್ಯೆಯೂ ಬಂಡೆಯೂ ಸುವಾರ್ತೆಯನ್ನು ನೆನಪಿಗೆ ತಾರದಿರವು.

ಕನ್ನಡ ಬೈಬಲಿನಲ್ಲಿ ಇಂತಹ ಕೂಟಕ್ಕೆ ‘ಸಭೆ’ ಎಂಬ ಶಬ್ದವೇ ಸಲ್ಲುತ್ತದೆ. ಅದು ಕಟ್ಟಡವನ್ನಲ್ಲ, ಕೂಡಿದವರನ್ನು ಹೇಳುತ್ತದೆ. ದಾಸ್ತೊಯೆವ್ಸ್ಕಿಯು ರಷ್ಯದ ಸಭೆಯಿಂದಲೇ ಲೋಕೋದ್ಧಾರವಾದೀತೆಂದು ನಂಬಿದ್ದವನು. ಕಾದಂಬರಿಯು ಮಾತ್ರ ಕರ್ತೃವಿನ ನಂಬಿಕೆಗಿಂತ ಕಠಿನವಾಗಿದೆ: ಪವಾಡ ನಡೆಯದ ದಿನ ಯೇಸುವಿನೊಡನೆ ಯಾರು ಉಳಿಯುವರೋ ಅವರೇ ಅವನ ಸಭೆ. ಈ ಅಳತೆಗೆ ಸೆವಿಲ್ ಎಷ್ಟು ಒಳಪಟ್ಟಿದೆಯೋ ಜೊಸಿಮನ ಮಠವೂ ಅಷ್ಟೇ ಒಳಪಟ್ಟಿದೆ.